ಲೈಸೆನ್ಸಿಲ್ಲದ ಉಸ್ತಾದರು

ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರ ಬಗ್ಗೆ ಯಾರು ಮಾತೆತ್ತಿದರೂ ಮೊದಲು ಬರುತ್ತಿದ್ದ ಮಾತೇ ಇದು. ಬಹರೈನಿನ ಸೀಫ್‌ನ ಒಂದು ಕಾರ್ ಶೋರೂಮಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೂತು, ನಮ್ಮಂಥವರು ಮುಟ್ಟಿ ನೋಡಲೂ ಹಿಂಜರಿಯುವ ಕಾರುಗಳನ್ನು ಜರ್ಮನಿಯಿಂದ ತರಿಸಿಕೊಟ್ಟ ಆ ಮನುಷ್ಯ, ದಿನಾ ಬೆಳಿಗ್ಗೆ ಮನಾಮಾದಿಂದ ಕೆಂಪು ಬಸ್ಸು ಹತ್ತಿ ಬರುತ್ತಿದ್ದರು. ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾಗಿ ಐದನೆಯ ಸಲ ಹೋಗಲೇ ಇಲ್ಲವಂತೆ. ಯಾರಾದರೂ ಕೆಣಕಿದರೆ ಉತ್ತರ ಸಿದ್ಧವಿರುತ್ತಿತ್ತು: "ದಿನಾ ಮದುವೆ ಮಾಡಿಸುವ ಭಟ್ರು ದಿನಾ ಮದುವೆ ಆಗ್ತಾರಾ ಮಾರಾಯ್ರೆ?"

ಕಳೆದ ತಿಂಗಳು ಅವರು ನಿವೃತ್ತರಾಗಿ ಉಡುಪಿಯ ಕಡೆಯ ತಮ್ಮ ಊರಿಗೆ ಹೊರಟುಹೋದರು. ಬಹರೈನಿನ ಕನ್ನಡದ ಗೆಳೆಯರು, ನೀನು ಅವರ ಕೈಕೆಳಗೆ ಕೆಲಸ ಮಾಡಿದವಳು, ನಮ್ಮ ಸಂಘದ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡು ಎಂದರು. ಅವರನ್ನೇ ಫೋನಿನಲ್ಲಿ ಕೇಳಿದೆ. "ಬರಿ. ಆದ್ರೆ ಹೆಸರು ಹಾಕ್ಬೇಡ. ಊರಲ್ಲಿ ನಂಗೆ ಲೈಸೆನ್ಸ್ ಉಂಟು ಅಂತ ನಂಬಿದವರು ಸುಮಾರು ಜನ ಇದ್ದಾರೆ" ಎಂದರು. ಆದ್ದರಿಂದ ಹೆಸರು ಹಾಕುತ್ತಿಲ್ಲ.

ಶೋರೂಮಿಗೆ ಬರುವ ಅರಬರು ಅವರನ್ನು ಉಸ್ತಾದ್ ಎನ್ನುತ್ತಿದ್ದರು, ಮೇಷ್ಟ್ರು ಎಂಬಂತೆ. ರಿಸೆಪ್ಷನ್ನಿನ ಫಿಲಿಪಿನೊ ಹುಡುಗಿಯರಿಗೆ ಅವರು 'ಸರ್ ಪೆನ್ಸಿಲ್', ನನಗೆ ಬರೀ ಸರ್. ತೆಳ್ಳನೆಯ ಮನುಷ್ಯ. ಏಸಿಯ ಚಳಿಗೆ ಮಣಿಕಟ್ಟಿನವರೆಗೂ ಗುಂಡಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ಸಿಲ್. ಅವರ ಡ್ರಾಯರಿನ ತುಂಬ ಬಣ್ಣ ಬಳಿದ ಅಂಗೈಯಗಲದ ತಗಡುಗಳು, ಸೀಟಿನ ಚರ್ಮದ ತುಂಡುಗಳು. ಗಿರಾಕಿ ಎಷ್ಟೇ ದೊಡ್ಡವನಿರಲಿ, ಬಣ್ಣ ಆರಿಸುವ ಹೊತ್ತಿಗೆ ಅವನನ್ನು ಸೋಫಾದಿಂದ ಎಬ್ಬಿಸಿ ಮಟಮಟ ಮಧ್ಯಾಹ್ನದ ಬಿಸಿಲಿಗೆ ಕರೆದುಕೊಂಡು ಹೋಗುತ್ತಿದ್ದರು. ಲೈಟಿನ ಕೆಳಗೆ ಎಲ್ಲ ಬಣ್ಣವೂ ಚಂದ, ನೀವು ಓಡಿಸುವುದು ಲೈಟಿನ ಕೆಳಗೋ ಈ ಬಿಸಿಲಲ್ಲೋ ಎಂದು ಹರಕು ಅರಬ್ಬಿಯಲ್ಲಿ ಕೇಳುತ್ತಿದ್ದರು. ಕಪ್ಪು ಕಾರೇ ಬೇಕೆಂದು ಪಟ್ಟು ಹಿಡಿದಿದ್ದ ಒಬ್ಬರ ಅಂಗೈಯ ಮೇಲೆ, ಬಿಸಿಲಲ್ಲಿ ಐದು ನಿಮಿಷ ಕಾದಿದ್ದ ಕಪ್ಪು ತಗಡನ್ನು ಮೆಲ್ಲಗೆ ಇಟ್ಟುಬಿಟ್ಟರು. ಆ ಗಿರಾಕಿ ಹೌಹಾರಿ ಕೈ ಒದರಿಕೊಂಡು ಒಳಗೆ ಹೋಗಿ ಬಿಳಿ ಕಾರಿಗೆ ಸಹಿ ಹಾಕಿದರು.

ನಮ್ಮಲ್ಲಿ ಕಾರು ಕೊಳ್ಳುವುದು ಎರಡು ಬಗೆ. ಶೋರೂಮಿನಲ್ಲಿ ನಿಂತಿರುವುದನ್ನು ಕೊಂಡು ಅಂದೇ ಓಡಿಸಿಕೊಂಡು ಹೋಗುವವರು ಬಹಳ. ಇನ್ನು ಕೆಲವರು ತಮಗೆ ಬೇಕಾದ ಬಣ್ಣ, ಬೇಕಾದ ಸೀಟು, ಬೇಕಾದ ಚಕ್ರ ಹೇಳಿ ಫ್ಯಾಕ್ಟರಿಯಲ್ಲೇ ಮಾಡಿಸಿಕೊಳ್ಳುತ್ತಾರೆ. ಅವರಲ್ಲೂ ಕೆಲವರು ತಾವೇ ಜರ್ಮನಿಗೆ ವಿಮಾನದಲ್ಲಿ ಹೋಗಿ, ಫ್ಯಾಕ್ಟರಿಯ ಬಾಗಿಲಲ್ಲಿ ಕೀಲಿಕೈ ತೆಗೆದುಕೊಂಡು, ಒಂದೆರಡು ವಾರ ಅಲ್ಲಿಯ ಬೆಟ್ಟ ಕಣಿವೆಗಳಲ್ಲಿ ತಿರುಗಾಡಿ, ಆಮೇಲೆ ಕಾರನ್ನು ಹಡಗಿಗೆ ಒಪ್ಪಿಸಿ ಬರುತ್ತಾರೆ. ಕಾರು ಅವರ ಹಿಂದೆ ಸಮುದ್ರದ ಮೇಲೆ ಬಹರೈನಿಗೆ ಬರುತ್ತದೆ. ಇಂಥ ಆರ್ಡರುಗಳೆಲ್ಲ ಸರ್ ಅವರ ಟೇಬಲ್ಲಿನವು.

ಹಾಗೆ ಹೋಗುವವರನ್ನು ಕೂರಿಸಿಕೊಂಡು ಅವರು ಹೇಳುತ್ತಿದ್ದ ಬುದ್ಧಿಮಾತು ಕೇಳಬೇಕಿತ್ತು. ಫ್ಯಾಕ್ಟರಿಯ ಊರಿನಲ್ಲಿ ಸ್ಟೇಷನ್ನಿಗೆ ಇಳಿದರೆ ಎಡಕ್ಕೆ ಹೋಗಬೇಕೋ ಬಲಕ್ಕೋ, ಯಾವ ಬೇಕರಿಯಲ್ಲಿ ಮೊಟ್ಟೆಯಿಲ್ಲದ ಬ್ರೆಡ್ಡು ಸಿಗುತ್ತದೆ, ಕಾರು ಒಪ್ಪಿಸುವಾತ ಒಂದು ಗಂಟೆ ಮಾತಾಡುವಾಗ ಸುಮ್ಮನೆ ತಲೆ ಆಡಿಸದೆ ಏನೇನು ಕೇಳಿಕೊಳ್ಳಬೇಕು, ಎಲ್ಲ ಹೇಳುತ್ತಿದ್ದರು. ಅವರು ಆ ಊರನ್ನು ಕಂಡವರೇ ಅಲ್ಲ. ಅವರ ಪಾಸ್‌ಪೋರ್ಟಿನಲ್ಲಿ ಮಂಗಳೂರು–ಬಹರೈನ್ ಬಿಟ್ಟರೆ ಬೇರೆ ಠಸ್ಸೆ ಇಲ್ಲ. ಹೋಗಿ ಬಂದವರೆಲ್ಲರನ್ನೂ ಕೂರಿಸಿ, ಕೆದಕಿ ಕೆದಕಿ ಕೇಳಿ ತಿಳಿದುಕೊಂಡದ್ದು ಅದೆಲ್ಲ.

ಕರಾವಳಿಯ ಕಡೆಯ ಹೋಟೆಲ್ ಮಾಲೀಕರೊಬ್ಬರಿಗೆ, "ಧಣಿಗಳೇ, ಒಂದು ವಿಷಯ. ಅಲ್ಲಿ ಹಾರ್ನ್ ಹೊಡಿಬೇಡಿ. ಅಲ್ಲಿ ಅದು ಬೈದ ಹಾಗೆ" ಎಂದಿದ್ದರು. ಆ ಮಾಲೀಕರು ಎರಡು ವಾರ ತಿರುಗಿ ಬಂದು ಶೋರೂಮಿಗೆ ಚಾಕಲೇಟಿನ ಡಬ್ಬ ತಂದು, "ನಿಮ್ಮ ಮಾತು ಕೇಳಿ ಆ ಗಾಡಿಗೆ ಹಾರ್ನ್ ಉಂಟಾ ಇಲ್ವಾ ಅಂತ್ಲೇ ನಂಗೆ ಗೊತ್ತಾಗ್ಲಿಲ್ಲ ಮಾರಾಯ್ರೆ" ಎಂದು ನಕ್ಕರು. ಚಾಕಲೇಟನ್ನು ಸರ್ ಹಿಂದುಗಡೆ ಕಾರು ತೊಳೆಯುವವರಿಗೆ ಹಂಚಿಸಿದರು. ಗಿರಾಕಿ ಕೊಟ್ಟದ್ದು ಯಾವುದೂ ಅವರ ಮನೆಗೆ ಹೋಗುತ್ತಿರಲಿಲ್ಲ.

ಇನ್ನು ಅವರ ಓದು. ಆರ್ಡರ್ ಫಾರಮ್ಮಿನಲ್ಲಿ ನಲವತ್ತು ಐವತ್ತು ಸಾಲು, ಪ್ರತಿ ಸಾಲಿಗೂ ಒಂದು ಕೋಡು. ಕಂಪ್ಯೂಟರಿನಲ್ಲಿ ತುಂಬಿಸಿ ಒಂದು ಬಟನ್ ಒತ್ತಿದರೆ ಫ್ಯಾಕ್ಟರಿಗೆ ಹೋಗುತ್ತದೆ. ಅವರು ಮಾತ್ರ ಅದನ್ನು ಪ್ರಿಂಟ್ ತೆಗೆದು, ಗಿರಾಕಿಯನ್ನು ಎದುರಿಗೆ ಕೂರಿಸಿ, ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬರು ಕೂತು ಪೆನ್ಸಿಲಿನಿಂದ ಗುರುತು ಹಾಕಬೇಕು. ಗಿರಾಕಿ ಪ್ರತಿ ಸಾಲಿಗೂ ಹೌದು ಎನ್ನಬೇಕು. ನಡುವೆ ಫೋನ್ ಬಂದರೆ ಮತ್ತೆ ಮೊದಲಿಂದ. ದೊಡ್ಡ ದೊಡ್ಡ ಕುಳಗಳು ಆಕಳಿಸುತ್ತ ಕೂತಿರುತ್ತಿದ್ದುದನ್ನು ನಾನೇ ನೋಡಿದ್ದೇನೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ರಾಣೆಬೆನ್ನೂರಿನವಳು. ಅಪ್ಪ ಲಾರಿ ಡ್ರೈವರ್, ಅಕ್ಷರ ಬಾರದು. ಅವ್ವ ಬೀಜದ ಕಂಪನಿಯ ಹೊಲಗಳಲ್ಲಿ ಮೆಣಸಿನಕಾಯಿ ಹೂವಿಗೆ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗ ಹಚ್ಚುವ ಕೂಲಿ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು, ಹಾಸ್ಟೆಲಿನಲ್ಲಿದ್ದು ಬಿ.ಕಾಂ., ಎಂ.ಕಾಂ. ಎರಡೂ ಫಸ್ಟ್ ಕ್ಲಾಸಿನಲ್ಲಿ ಮುಗಿಸಿದೆ. ಅದಕ್ಕೆ ನನಗೆ ಹೆಮ್ಮೆ ಇತ್ತು, ಈಗಲೂ ಇದೆ. ನನ್ನ ಗಂಡನಿಗೆ ಸಲ್ಮಾನಿಯಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮದುವೆಯಾಗಿ ಇಲ್ಲಿಗೆ ಬಂದು, ಎರಡು ವರ್ಷ ಏರ್‌ಪೋರ್ಟಿನ ಪಕ್ಕದ ಅರಾದ್‌ನ ಮನೆಯಲ್ಲಿ ತಲೆಯ ಮೇಲೆ ಹಾರುವ ವಿಮಾನ ನೋಡುತ್ತ ಕೂತ ಮೇಲೆ ಈ ಕೆಲಸ ಸಿಕ್ಕಿತು. ಆರು ತಿಂಗಳ ಪ್ರೊಬೇಷನ್. ಪಾಸಾದರೆ ಕಾಯಂ, ಇಲ್ಲದಿದ್ದರೆ ಮತ್ತೆ ಅರಾದ್, ಮತ್ತೆ ವಿಮಾನ.

ಬಂದ ಮೊದಲ ವಾರವೇ ಆ ಗಟ್ಟಿ ಓದು ನನಗೆ ಸರಿಬರಲಿಲ್ಲ. "ಸರ್, ಕಂಪ್ಯೂಟರ್‌ನಾಗ ಎಲ್ಲಾ ಐತಲ್ರಿ. ಮತ್ಯಾಕ ಒಂದನೇ ಕ್ಲಾಸಿನ ಹುಡುಗ್ರಂಗ ಓದೂದು?" ಎಂದು ಕೇಳಿದ್ದೆ.

"ನೀನು ಎಂ.ಕಾಂ. ಅಲ್ವಾ, ನಿಂಗೆ ಓದದೆಯೂ ಗೊತ್ತಾಗ್ತದೆ. ನಂಗೆ ಪಿಯುಸಿ ಫೇಲ್, ಓದಿದ್ರೆ ಮಾತ್ರ ಗೊತ್ತಾಗುದು" ಎಂದರು. ಆ ಕುಟುಕು ನನಗೆ ತಗುಲಲೇ ಇಲ್ಲ. ಹೊಗಳಿದರು ಅಂದುಕೊಂಡೆ.

ನಾಲ್ಕನೆಯ ತಿಂಗಳಲ್ಲಿ ಬಂದವರು ಡಾಕ್ಟರಮ್ಮ. ಬಹರೈನಿನವರೇ, ಮಕ್ಕಳ ಡಾಕ್ಟರ್, ಆಗಷ್ಟೇ ನಿವೃತ್ತರಾಗಿದ್ದರು. ಇಂಡಿಯಾದ ನರ್ಸುಗಳಿಂದ ಕಲಿತ ಹಿಂದಿ ಮಾತಾಡುತ್ತಿದ್ದರು. ಆಲಿವ್ ಕಾಯಿಯ ಹಸಿರು ಬಣ್ಣ, ಕಂದು ಸೀಟು, ಕಾರನ್ನು ಜರ್ಮನಿಯಲ್ಲೇ ತೆಗೆದುಕೊಳ್ಳುವುದು, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸುವುದು. "ಇಷ್ಟು ವರ್ಷ ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಒಂದು ಸಲವಾದರೂ ಎಲ್ಲಿಗೆ ಹೋಗುತ್ತೇನೆಂದು ಗೊತ್ತಿಲ್ಲದೆ ಓಡಿಸಬೇಕು" ಎಂದರು. ಸರ್ ಅವರನ್ನು ಬಿಸಿಲಿಗೆ ಕರೆದೊಯ್ದು ಹಸಿರು ತಗಡನ್ನು ಹಿಡಿದು ತೋರಿಸಿದರು. ಅದು ನಿಜಕ್ಕೂ ಚಂದದ ಹಸಿರು.

ಮರುದಿನದಿಂದ ಸರ್‌ಗೆ ಜ್ವರ. ಮೂರು ದಿನ ಬರಲಿಲ್ಲ. ಫೋನ್ ಮಾಡಿ, "ಫಾರಂ ತುಂಬಿಸಿಡು. ಕಳಿಸ್ಬೇಡ. ನಾನು ಬಂದ ಮೇಲೆ ಡಾಕ್ಟ್ರನ್ನೂ ಕರೆದು ಓದುವ" ಎಂದರು.

ನಾನು ಕಳಿಸಿಬಿಟ್ಟೆ. ಮೂರು ದಿನ ಯಾಕೆ ಕಾಯಬೇಕು, ಇವರಿಲ್ಲದೆಯೂ ಕೆಲಸ ಆಗುತ್ತದೆಂದು ಮ್ಯಾನೇಜರ್‌ಗೆ ಗೊತ್ತಾಗಲಿ ಅನ್ನಿಸಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ.

ಆ ಫಾರಮ್ಮಿನಲ್ಲಿ ಎರಡು ಸಾಲು ಅಕ್ಕಪಕ್ಕ ಇರುತ್ತವೆ. ಒಂದು, ಕಾರನ್ನು ಎಲ್ಲಿ ಒಪ್ಪಿಸಬೇಕು. ಇನ್ನೊಂದು, ಕಾರು ಯಾವ ದೇಶದಲ್ಲಿ ಓಡುವಂಥದ್ದು. ನಾನು ಎರಡಕ್ಕೂ ಜರ್ಮನಿಯ ಕೋಡು ಹಾಕಿದ್ದೆ. ಕೆಲಸ ಬಿಟ್ಟು ಯುರೋಪಿಗೆ ವಾಪಸಾಗುವವರೂ ನಮ್ಮಲ್ಲಿ ಆರ್ಡರ್ ಕೊಡುವುದುಂಟಾದ್ದರಿಂದ ಕಂಪ್ಯೂಟರು ಚಕಾರ ಎತ್ತಲಿಲ್ಲ. ಹಾಗೆ ಕಳಿಸಿದರೆ ಆಗುವುದೇನೆಂದರೆ, ಕಾರು ಅಲ್ಲಿಯ ಚಳಿಗೆ ತಕ್ಕಂತೆ ತಯಾರಾಗುತ್ತದೆ, ಗಲ್ಫಿನ ಸೆಕೆಗೆ ಬೇಕಾದದ್ದು ಇರುವುದಿಲ್ಲ. ಗಲ್ಫಿನ ಸರ್ಟಿಫಿಕೇಟಿಲ್ಲದ ಹೊಸ ಕಾರಿಗೆ ಬಹರೈನಿನಲ್ಲಿ ನಂಬರ್ ಪ್ಲೇಟು ಕೊಡುವುದಿಲ್ಲ. ಅಂದರೆ ಡಾಕ್ಟರಮ್ಮ ಆ ಕಾರನ್ನು ಯುರೋಪಿನಲ್ಲೆಲ್ಲ ಓಡಿಸಬಹುದು, ತಮ್ಮ ಮನೆಯ ಮುಂದೆ ಮಾತ್ರ ಓಡಿಸುವಂತಿಲ್ಲ.

ಸರ್ ಜ್ವರದಿಂದೆದ್ದು ಬಂದಾಗ ಟೇಬಲ್ಲಿನ ಮೇಲೆ ಬೇರೆ ಆರ್ಡರುಗಳ ರಾಶಿ; ಇದನ್ನು ಅವರು ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ಐದು ವಾರ ಕಳೆದು ಫ್ಯಾಕ್ಟರಿಯಿಂದ ಆರ್ಡರ್ ಖಚಿತಪಡಿಸುವ ಕಾಗದ ಬಂತು. ಸರ್ ಅದನ್ನೂ ಗಟ್ಟಿಯಾಗಿಯೇ ಓದುತ್ತಿದ್ದವರು ಒಂದು ಸಾಲಿಗೆ ನಿಂತರು. ಆ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟು ಎರಡು ಸಲ ನೋಡಿದರು.

"ಇದು ನಾವು ಓದಿದ ಆರ್ಡರ್ ಅಲ್ವಲ್ಲ?"

"ಓದಿಲ್ರಿ ಸರ್. ನಾ ಕಳಿಸಿಬಿಟ್ಟೀನ್ರಿ."

ಬದಲಾಯಿಸುವ ಗಡುವು ಮೂರು ದಿನದ ಹಿಂದೆ ಮುಗಿದಿತ್ತು. ಡಾಕ್ಟರಮ್ಮ ತಮಗೂ ತಂಗಿಗೂ ಟಿಕೆಟ್ ತೆಗೆಸಿಯಾಗಿತ್ತು. ಶಾಲೆಯೊಂದರಲ್ಲಿ ಪ್ರಿನ್ಸಿಪಾಲರಾಗಿದ್ದ ತಂಗಿಗೆ ಆಮೇಲೆ ರಜೆ ಸಿಗುವಂತಿರಲಿಲ್ಲ.

ಸರ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಫೋನ್ ಹಿಡಿದು ಮಧ್ಯಾಹ್ನದವರೆಗೂ ಯಾರ್ಯಾರ ಜೊತೆಯೋ ಮಾತಾಡಿದರು. ಪಕ್ಕದ ದೇಶಗಳ ಶೋರೂಮುಗಳಲ್ಲೆಲ್ಲ ಅವರಿಗೆ ತಮ್ಮಂಥವರೇ ಹಳೆಯ ಗೆಳೆಯರಿದ್ದರು. ಆಮೇಲೆ ಬಂದು, "ಡಾಕ್ಟ್ರಿಗೆ ಇವತ್ತೇ ಹೇಳ್ಬೇಕು" ಎಂದರು.

"ಸರ್, ಫ್ಯಾಕ್ಟರಿಯಾಗ ಏನೋ ತಡಾ ಆತು ಅಂತ ಹೇಳೂಣ್ರಿ. ಪ್ರೊಬೇಷನ್ ಮುಗಿಯಾಕ ಬಂದೈತ್ರಿ ನಂದು."

"ಫ್ಯಾಕ್ಟರಿಯವ ಎಂತ ಮಾಡಿದ್ದಾನೆ ಪಾಪ? ನೀನು ಕೇಳಿದ ಗಾಡಿಯನ್ನೇ ಅವ ಮಾಡ್ತಾ ಇದ್ದಾನೆ." ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿಕೊಂಡು, "ನಾನೂ ಬರ್ತೇನೆ. ಆದ್ರೆ ಹೇಳುದು ನೀನು. ನಾನು ಬಾಯಿ ತೆರೆಯುದಿಲ್ಲ" ಎಂದರು.

ಡಾಕ್ಟರಮ್ಮನ ಮನೆ ರಿಫಾದಲ್ಲಿ. ನನ್ನ ಸೆಕೆಂಡ್ ಹ್ಯಾಂಡ್ ಕಾರಿನಲ್ಲೇ ಹೊರಟೆವು. ಅಂಥ ಸಂಕಟದಲ್ಲೂ ಆ ಪಯಣ ನೆನೆದರೆ ನಗು ಬರುತ್ತದೆ. ಸರ್ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆ ಹಿಡಿದು, ಇಲ್ಲದ ಬ್ರೇಕನ್ನು ಬಲಗಾಲಲ್ಲಿ ದಾರಿಯುದ್ದಕ್ಕೂ ಒತ್ತುತ್ತಿದ್ದರು.

"ಸ್ವಲ್ಪ ಮೆಲ್ಲ ಹೋಗು ಮಾರಾಯ್ತಿ."

"ಅರವತ್ತರಾಗ ಅದೀನ್ರಿ ಸರ್. ಹಿಂದಿನಾವ ಲೈಟ್ ಹೊಡಿಯಾಕತ್ತಾನ."

"ಹೊಡಿಲಿ. ನಾವು ಹೇಳ್ಲಿಕ್ಕೆ ಹೋಗುವ ವಿಷಯಕ್ಕೆ ಇದೇ ಜಾಸ್ತಿ ಸ್ಪೀಡು."

ಡಾಕ್ಟರಮ್ಮ ನಮ್ಮನ್ನು ಮಜ್ಲಿಸಿನಲ್ಲಿ ಕೂರಿಸಿದರು, ಅತಿಥಿಗಳನ್ನು ಕೂರಿಸುವ ಮುಂದಿನ ಕೋಣೆ ಅದು. ಖರ್ಜೂರದ ತಟ್ಟೆ ಬಂತು, ಕಹ್ವಾದ, ಅಂದರೆ ಅರಬ್ಬಿ ಕಾಫಿಯ, ಹೂಜಿ ಬಂತು. ಇಲ್ಲಿಯವರು ಕಹ್ವಾ ಕೊಡುವುದು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ, ತಳಮಟ್ಟಕ್ಕೆ ಎರಡು ಗುಟುಕು. ಖಾಲಿಯಾದ ಬಟ್ಟಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಸಾಕು ಎಂದರ್ಥ. ಅಲ್ಲಾಡಿಸದೆ ಹಾಗೇ ಮುಂದೆ ಹಿಡಿದರೆ ಮನೆಯವರು ಸುರಿಯುತ್ತಲೇ ಇರಬೇಕು; ಅತಿಥಿ ಕುಡಿಯುತ್ತಿರುವಾಗ ಏನು ವಿಷಯ ಎಂದು ಕೇಳುವಂತಿಲ್ಲ, ಏಳುವಂತೆಯೂ ಇಲ್ಲ. ಸರ್‌ಗೆ ಗ್ಯಾಸ್ಟ್ರಿಕ್. ಎಲ್ಲಿಗೆ ಹೋದರೂ ಒಂದೇ ಬಟ್ಟಲಿಗೆ ಅಲ್ಲಾಡಿಸಿ ಕೆಳಗಿಡುವವರು.

ಅವತ್ತು ಅಲ್ಲಾಡಿಸಲಿಲ್ಲ. ನನ್ನ ಬಾಯಿಂದ ಮಾತು ಹೊರಡುತ್ತಿಲ್ಲವೆಂದು ಅವರಿಗೆ ಕಂಡಿತ್ತು. ಎರಡನೆಯ ಬಟ್ಟಲು ಕುಡಿದರು, ಮುಂದೆ ಹಿಡಿದರು. ಮೂರನೆಯದು. ಡಾಕ್ಟರಮ್ಮ ಹವೆಯ ಬಗ್ಗೆ ಮಾತಾಡಿದರು, ತಂಗಿ ಕೊಂಡ ಉಣ್ಣೆಯ ಕೋಟಿನ ಬಗ್ಗೆ ಮಾತಾಡಿದರು. ನಾಲ್ಕನೆಯದು. ಸರ್ ಹಣೆಯ ಮೇಲೆ ಬೆವರು. ಐದನೆಯ ಸಲ ಬಟ್ಟಲು ಮುಂದೆ ಬಂದಾಗ ಡಾಕ್ಟರಮ್ಮ ಹೂಜಿ ಕೆಳಗಿಟ್ಟರು.

"ಉಸ್ತಾದ್, ಡಾಕ್ಟರಾಗಿ ಹೇಳುತ್ತೇನೆ, ಇನ್ನು ನಿಮಗೆ ಕೊಡುವುದಿಲ್ಲ. ಯಾರಿಗೆ ಏನಾಗಿದೆ?"

ಆಗ ಹೇಳಿದೆ. ಎರಡು ಸಾಲು, ಎರಡು ಕೋಡು, ನಂಬರ್ ಪ್ಲೇಟು ಸಿಗದಿರುವುದು. ಹಿಂದಿ ತಡವರಿಸಿತು, ಆದರೆ ಎಲ್ಲ ಹೇಳಿದೆ.

ಅವರ ಮುಖ ಬಿಗಿಯಿತು. "ತುಂಬಿಸಿದ್ದು ಯಾರು?"

"ನಾನು."

"ಇನ್ನೊಬ್ಬರು ನೋಡಲಿಲ್ಲವಾ? ನಮ್ಮಲ್ಲಿ ಮಗುವಿಗೆ ಅರ್ಧ ಚಮಚ ಔಷಧಿ ಕೊಡಲೂ ಇಬ್ಬರು ನೋಡುತ್ತಾರೆ."

ಅಷ್ಟರಲ್ಲಿ ತಟ್ಟೆಯಿಂದ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಿದ್ದೆ, ಅದನ್ನು ಅಗಿದೆ. ಸರ್ ತಮ್ಮ ಖಾಲಿ ಬಟ್ಟಲನ್ನೇ ನೋಡುತ್ತಿದ್ದರು. "ಇಲ್ಲ. ನಾನೇ ತೋರಿಸಲಿಲ್ಲ" ಎಂದೆ.

ಡಾಕ್ಟರಮ್ಮ ಸಮಾಧಾನದ ಮಾತೇನೂ ಆಡಲಿಲ್ಲ. ತಂಗಿಗೆ ಇನ್ನೊಂದು ರಜೆ ಇಲ್ಲ, ತಾರೀಖು ಬದಲಾಗುವುದಿಲ್ಲ, ಕಾರಿಲ್ಲದೆ ತಾನು ಹೋಗುವುದಿಲ್ಲ ಎಂದರು, ಅಷ್ಟೇ. ಆಗ ಸರ್ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಮೊದಲ ಬಾರಿಗೆ ಬಾಯಿ ತೆರೆದರು. ಪಕ್ಕದ ದೇಶದ ಶೋರೂಮಿನಲ್ಲಿ ಒಬ್ಬರು ಆರ್ಡರ್ ಬಿಟ್ಟುಕೊಟ್ಟಿದ್ದರು. ಅದೇ ಮಾದರಿ, ಗಲ್ಫಿನ ಸರ್ಟಿಫಿಕೇಟ್ ಇರುವುದು, ಅದೇ ವಾರ ಫ್ಯಾಕ್ಟರಿಯಿಂದ ಹೊರಬೀಳುತ್ತದೆ, ಅಲ್ಲೇ ತೆಗೆದುಕೊಳ್ಳಬಹುದು. ಆದರೆ ಬೂದು ಬಣ್ಣ. ಹಸಿರೇ ಬೇಕಾದರೆ ಹೊಸದಾಗಿ ಆರ್ಡರ್ ಹಾಕಿ ನಾಲ್ಕು ತಿಂಗಳು ಕಾಯಬೇಕು.

ಡಾಕ್ಟರಮ್ಮ ಎದ್ದು ಕಿಟಕಿಯ ಬಳಿ ಹೋಗಿ ತಂಗಿಗೆ ಫೋನ್ ಮಾಡಿದರು. ಅಕ್ಕತಂಗಿಯರು ಅರಬ್ಬಿಯಲ್ಲಿ ಏನೋ ವಾದ ಮಾಡಿದರು, ಮಧ್ಯೆ ನಕ್ಕರು ಕೂಡ. ತಿರುಗಿ ಬಂದು, "ಬಣ್ಣ ಹೊರಗಿನವರಿಗೆ ಕಾಣುವುದು, ಒಳಗೆ ಕೂತವರಿಗೆ ರಸ್ತೆ ತಾನೇ ಕಾಣುವುದು ಎನ್ನುತ್ತಾಳೆ. ಬೂದು ಕೊಡಿ" ಎಂದರು. ಆಮೇಲೆ ನನ್ನತ್ತ ನೋಡಿ, "ಆ ಹಸಿರು ನನಗೆ ಬಹಳ ಇಷ್ಟವಾಗಿತ್ತು" ಎಂದರು. ಅದನ್ನು ನಾನು ಮರೆಯುವುದಿಲ್ಲ.

ಮರುದಿನ ಮ್ಯಾನೇಜರ್ ಎದುರಿಗೂ ನಾನೇ ಹೇಳಿದೆ. ಯಾರಿಗೂ ಬೇಡವಾದ ಹಸಿರು ಕಾರನ್ನು ಜರ್ಮನಿಯಲ್ಲೇ ನಷ್ಟಕ್ಕೆ ಮಾರಬೇಕಾಯಿತು. ನನಗೆ ಎಚ್ಚರಿಕೆಯ ಪತ್ರ ಬಂತು, ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದಕ್ಕೆ ಹೋಯಿತು. ಆ ಪತ್ರಕ್ಕೆ ಸರ್ ಕೂಡ ಸಹಿ ಹಾಕಿದರು. ನನ್ನ ಪರವಾಗಿ ಒಂದು ಮಾತಾದರೂ ಆಡುತ್ತಾರೆಂದು ಕಾದಿದ್ದೆ, ಆಡಲಿಲ್ಲ. ಮನೆಗೆ ಹೋಗಿ ಗಂಡನ ಮುಂದೆ ಅವರನ್ನು ಚೆನ್ನಾಗಿ ಬೈದುಕೊಂಡೆ. ಅಕ್ಕತಂಗಿಯರು ಬೂದು ಕಾರಿನಲ್ಲಿ ಹತ್ತು ದಿನ ತಿರುಗಿ ಬಂದು, ಎರಡು ಸಲ ದಾರಿ ತಪ್ಪಿದ್ದನ್ನೇ ದೊಡ್ಡ ಸಂಭ್ರಮವಾಗಿ ಹೇಳಿದರು. ಸರ್ ಅವರನ್ನು ಕೂರಿಸಿ, ದಾರಿ ತಪ್ಪಿದ ತಿರುವು ಯಾವುದೆಂದು ಕೇಳಿ ಬರೆದುಕೊಂಡರು.

ಆ ಆರು ತಿಂಗಳು ಮುಗಿಯುವುದಕ್ಕೂ ಸರ್ ನಿವೃತ್ತಿಯ ದಿನ ಹತ್ತಿರವಾಗುವುದಕ್ಕೂ ಸರಿಹೋಯಿತು. ನಿಮ್ಮ ಟೇಬಲ್ಲಿಗೆ ಯಾರನ್ನು ಕೂರಿಸಲಿ ಎಂದು ಮ್ಯಾನೇಜರ್ ಕೇಳಿದಾಗ ಅವರು ನನ್ನ ಹೆಸರು ಹೇಳಿದರಂತೆ. ಆ ಹಸಿರು ಕಾರಿನವಳನ್ನೇ ಎಂದು ಮ್ಯಾನೇಜರ್ ಹುಬ್ಬೇರಿಸಿದ್ದಕ್ಕೆ, "ನಾನು ರಜೆಯಲ್ಲಿದ್ದೆ ಅಂತ ಅವಳು ಡಾಕ್ಟ್ರ ಹತ್ರ ಹೇಳ್ಬಹುದಿತ್ತು. ಹೇಳ್ಲಿಲ್ಲ" ಎಂದರಂತೆ. ಇದನ್ನು ನನಗೆ ಹೇಳಿದ್ದು ಮ್ಯಾನೇಜರೇ, ಕಾಯಂ ಮಾಡಿದ ಪತ್ರ ಕೈಗೆ ಕೊಡುತ್ತ. ಕೇಳಿ ಖುಷಿಯಾಗಬೇಕಿತ್ತು. ನನಗೆ ಕಸಿವಿಸಿಯಾಯಿತು, ಯಾಕೆಂದರೆ ನಡೆದದ್ದು ನನಗೆ ಗೊತ್ತಿತ್ತು.

ಹೊರಡುವ ದಿನ ಅವರು ನಮ್ಮ ಅರಾದ್‌ನ ಮನೆಗೆ ಊಟಕ್ಕೆ ಬಂದರು. ಸಂಜೆಯ ವಿಮಾನ, ಏರ್‌ಪೋರ್ಟು ನಮ್ಮ ಮನೆಯಿಂದ ಐದು ನಿಮಿಷ. ಖಡಕ್ ರೊಟ್ಟಿ ಮುರಿಯುತ್ತ, "ಇದು ಊಟವಾ ಕಸರತ್ತಾ?" ಎಂದು ಛೇಡಿಸಿ, ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡರು. ಗಂಡ ಅವರ ಪೆಟ್ಟಿಗೆಗಳನ್ನು ಕೆಳಗೆ ಕಾರಿಗೆ ಹಾಕಲು ಹೋದ. ಇನ್ನು ಹೇಳದಿದ್ದರೆ ಆಗುವುದಿಲ್ಲ ಅನ್ನಿಸಿ ಬಾಯಿಬಿಟ್ಟೆ.

"ಸರ್, ಒಂದು ಖರೆ ಹೇಳ್ತೀನ್ರಿ. ಡಾಕ್ಟರ್ ಕೇಳಿದಾಗ, ಸರ್ ರಜಾದಾಗ ಇದ್ರು ಅಂತ ಹೇಳಾಕ ನಾ ಹೊಂಟಿದ್ದೆ. ಬಾಯಾಗ ಖರ್ಜೂರ ಇತ್ರಿ. ಅದಕ್ಕ ಹೇಳಾಕ ಆಗ್ಲಿಲ್ಲ. ನೀವು ತಿಳ್ಕೊಂಡಷ್ಟು ಒಳ್ಳೆಯಾಕಿ ಅಲ್ರಿ ನಾನು."

ಅವರು ಕೈ ತೊಳೆದುಕೊಂಡು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ಗೊತ್ತುಂಟು ಮಾರಾಯ್ತಿ, ನಾನು ನಿನ್ನ ಪಕ್ಕದಲ್ಲೇ ಕೂತಿರ್ಲಿಲ್ವಾ? ಆ ಖರ್ಜೂರ ನುಂಗಿದ ಮೇಲೆ ಹೇಳ್ಬಹುದಿತ್ತಲ್ಲ?"